ಹದಿಮೂರು ಎಲೆಯ ಬೆರಗು

ಇಸ್ಪೀಟಿನ ಎಲೆ ಕೈಗೆ ಬಂದ ಕೂಡಲೇ ನಾವು ಮಾಡುವ ಮೊದಲ ಕೆಲಸ ಬೈದುಕೊಳ್ಳುವುದು. ‘ಏನು ಹಾಳು ಕೈಯಪ್ಪಾ ಇದು’ ಎನ್ನುತ್ತ ಎಲೆಗಳನ್ನು ಅತ್ತಿತ್ತ ಸರಿಸುತ್ತೇವೆ. ರಾಜನ ಪಕ್ಕದಲ್ಲಿ ಎರಡು, ನಾಲ್ಕರ ಪಕ್ಕದಲ್ಲಿ ಗುಲಾಮ, ಕೆಂಪಿನ ನಡುವೆ ಒಂಟಿ ಕಳಾವರ್. ಒಂದಕ್ಕೊಂದು ನಂಟಿಲ್ಲ. ಅದೇ ಆಟೀನಿನ 5, 6, 7 ಒಟ್ಟಿಗೆ ಬಂದಿದ್ದರೆ ಮುಖ ಅರಳುತ್ತಿತ್ತು, ದೇವರು ಕಣ್ಣು ಬಿಟ್ಟ ಎನ್ನುತ್ತಿದ್ದೆವು.

ಲೆಕ್ಕ ಹೇಳುವುದೇ ಬೇರೆ. 52 ಎಲೆಯ ಒಂದೇ ಕಟ್ಟಿನಿಂದ 13 ಎಲೆ ಹಂಚಿದರೆ ಬರಬಹುದಾದ ಬೇರೆಬೇರೆ ಕೈಗಳು 63,501 ಕೋಟಿ 35 ಲಕ್ಷ 59 ಸಾವಿರದ 600. ಎಕ್ಕದಿಂದ ರಾಜನವರೆಗೆ ಇಡೀ ಆಟೀನು ಒಬ್ಬನ ಕೈಗೆ ಬಂದುಬಿಟ್ಟರೆ ಅದನ್ನು ಊರೆಲ್ಲ ವರ್ಷಗಟ್ಟಲೆ ಮಾತಾಡಿಕೊಳ್ಳುತ್ತದೆ. ಆದರೆ ಈಗ ತಾನೆ ನಾವು ಬೈದ ಆ ಚೆಲ್ಲಾಪಿಲ್ಲಿ ಕೈ, ಸರಿಯಾಗಿ ಅವೇ 13 ಎಲೆಗಳು, ಬರುವುದೂ ಅಷ್ಟೇ ಅಪರೂಪ. ಎಲೆಗಳ ಕಟ್ಟಿಗೆ ಎರಡೂ ಒಂದೇ. ಒಂದನ್ನು ಭಾಗ್ಯ ಎಂದು, ಇನ್ನೊಂದನ್ನು ದರಿದ್ರ ಎಂದು ಕರೆಯುವವರು ನಾವು. ರಮ್ಮಿಗೆ ಎರಡು ಕಟ್ಟು ಸೇರಿಸುತ್ತೇವೆ, ಮೇಲೆ ಜೋಕರು ಬೇರೆ. ಆಗ ಈ ಸಂಖ್ಯೆ ಇನ್ನೂ ಎಷ್ಟೋ ಪಟ್ಟು ಬೆಳೆಯುತ್ತದೆ.

ಕಲಸುವುದರಲ್ಲೂ ಒಂದು ಬೆರಗಿದೆ. 52 ಎಲೆಗಳನ್ನು ಒಂದರ ಮೇಲೊಂದು ಜೋಡಿಸಬಹುದಾದ ಬಗೆಗಳನ್ನು ಬರೆಯಲು 68 ಅಂಕಿ ಬೇಕು. ವಿಶ್ವ ಹುಟ್ಟಿ ಸುಮಾರು 1,380 ಕೋಟಿ ವರ್ಷವಾಯಿತು ಎನ್ನುತ್ತಾರೆ. ಅಷ್ಟೂ ಕಾಲವನ್ನು ಸೆಕೆಂಡುಗಳಲ್ಲಿ ಬರೆದರೂ 18 ಅಂಕಿ ಸಾಕು. ಚೆನ್ನಾಗಿ ಕಲಸಿದ ಒಂದು ಕಟ್ಟು ಈ ಭೂಮಿಯ ಮೇಲೆ ಯಾರ ಕೈಯಲ್ಲೂ, ಎಂದೂ ಆ ಕ್ರಮದಲ್ಲಿ ಇದ್ದಿರಲಾರದು ಎಂದು ಧೈರ್ಯವಾಗಿ ಹೇಳಬಹುದು. ಆದರೆ ಚೆನ್ನಾಗಿ ಕಲಸಬೇಕಲ್ಲ. ಕಟ್ಟನ್ನು ಎರಡು ಪಾಲು ಮಾಡಿ ಒಂದರೊಳಗೊಂದು ಸೇರಿಸುವ ಪದ್ಧತಿಯಲ್ಲಿ ಸುಮಾರು 7 ಸಲ ಕಲಸಿದರೆ ಎಲೆಗಳು ತಕ್ಕಮಟ್ಟಿಗೆ ಬೆರೆಯುತ್ತವೆ ಎಂದು ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ ಎಂಬ ಗಣಿತಜ್ಞರು 1992ರಲ್ಲಿ ತೋರಿಸಿಕೊಟ್ಟರು. ಅಷ್ಟು ತಾಳ್ಮೆ ನಮ್ಮಲ್ಲಿ ಯಾರಿಗಿದೆ? ‘ಸಾಕು ಹಾಕೋ ಮಾರಾಯಾ’ ಎಂಬ ಕೂಗು ಎರಡನೆಯ ಸಲಕ್ಕೇ ಬರುತ್ತದೆ. ಹಾಗಾಗಿ ಹಿಂದಿನ ಆಟದಲ್ಲಿ ಯಾರೋ ಕಷ್ಟಪಟ್ಟು ಜೋಡಿಸಿದ ಸಾಲುಗಳು ಹೊಸ ಆಟಕ್ಕೂ ತುಣುಕು ತುಣುಕಾಗಿ ಬರುತ್ತವೆ. ಪಳಗಿದ ಆಟಗಾರ ಇದನ್ನು ಬಲ್ಲ. ಹಿಂದಿನ ಶೋನಲ್ಲಿ ಯಾವ ಎಲೆಗಳು ಒಟ್ಟಿಗೆ ನೆಲಕ್ಕೆ ಬಿದ್ದವು ಎಂಬುದು ಅವನ ಮನಸ್ಸಿನ ಮೂಲೆಯಲ್ಲಿ ಇದ್ದೇ ಇರುತ್ತದೆ.

ಇಂಥ ಆಟಗಾರರು ಕೂರುವ ಊರುಗಳಲ್ಲಿ ಒಂದಾದ ಅಫಜಲಪುರ ತಾಲ್ಲೂಕಿನ ಘತ್ತರಗಿ ಭೀಮಾ ನದಿಯ ದಂಡೆಯ ಮೇಲಿದೆ. ಭಾಗ್ಯವಂತಿ ದೇವಿಯ ಗುಡಿ ಇರುವುದರಿಂದ ಅಮಾವಾಸ್ಯೆ ಬಂತೆಂದರೆ ಜನ ತುಂಬುತ್ತಾರೆ. ಹರಕೆ ಹೊರುವವರು, ಹರಕೆ ತೀರಿಸುವವರು, ಸುಮ್ಮನೆ ಹೊಳೆಯಲ್ಲಿ ಮುಳುಗೆದ್ದು ಹೋಗುವವರು. ಉಳಿದ ದಿನ ಇದೂ ಈ ಸೀಮೆಯ ಎಲ್ಲ ಊರುಗಳ ಹಾಗೆ. ತೊಗರಿ ರಾಶಿ ಮುಗಿದು, ಬಿಳಿಜೋಳವೂ ಮನೆ ಸೇರಿ, ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ ಬೇವಿನ ಮರದ ಕೆಳಗೆ ಗೋಣಿತಟ್ಟು ಹಾಸಿ ರಮ್ಮಿಗೆ ಕೂರುವುದು ಅಫಜಲಪುರ, ಜೇವರ್ಗಿ, ಆಳಂದ ಕಡೆ ಯಾರಿಗೂ ಹೊಸತಲ್ಲ. ಆ ಎಲೆಗಳನ್ನು ನೋಡಬೇಕು. ಅಂಚು ಸವೆದು ಬಟ್ಟೆಯ ಹಾಗೆ ಮೆತ್ತಗಾಗಿರುತ್ತವೆ. ಕಳೆದುಹೋದ ಎಲೆಯ ಬದಲಿಗೆ ಒಂದು ಹೆಚ್ಚಿನ ಜೋಕರಿನ ಮೇಲೆ ಪೆನ್ನಿನಿಂದ ‘ಕಳಾವರ್ 4’ ಎಂದು ಬರೆದಿರುತ್ತದೆ. ಯಾವುದೋ ಎಲೆಯ ಮೂಲೆ ಮುರಿದು ಹಿಂಬದಿಯಿಂದಲೇ ಎಲ್ಲರಿಗೂ ಗುರುತು ಸಿಗುತ್ತದೆ. ಸಿಕ್ಕರೂ ಸಿಗದವರ ಹಾಗೆ ಆಡಬೇಕೆಂಬುದು ಆ ಕೂಟದ ಬಾಯಿಮಾತಿಲ್ಲದ ಕಾಯಿದೆ.

ಅಂಥ ಕೂಟದಲ್ಲಿ ಹೊಸದಾಗಿ ಕಲಿಯಲು ಕುಳಿತ ಹುಡುಗ ಪಕ್ಕದ ಹಿರಿಯನಿಗೆ ಕೈ ತೋರಿಸಿ ಕೇಳುತ್ತಾನೆ: ‘ಮುತ್ಯಾ, ರಾಜಾ ರಾಣಿ ಎರಡೂ ಅದಾವ. ಇಟ್ಕೊಳ್ಳಲೇನು?’

‘ಇಟ್ಕೊ, ಯಾರ್ ಬ್ಯಾಡ ಅಂತಾರ? ಆದ್ರ ಕೈಯಾಗ ಇರೋತನಾ ಇಪ್ಪತ್ತು ಕೌಂಟ್ ಹೊತ್ಕೊಂಡು ಕುಂತಂಗ. ಮದಲ ಜೋಕರ್ ಇಲ್ದಂಗ ಒಂದ್ ಸೀಕ್ವೆನ್ಸ್ ಮಾಡ್ಕೊ ತಮ್ಮಾ. ಆಮ್ಯಾಗ ನಿನ್ನ ದೊಡ್ಡಸ್ತನ.’

ಮುತ್ಯಾನ ಈ ಮಾತಿನಲ್ಲಿ ರಮ್ಮಿಯ ಅರ್ಧ ವಿದ್ಯೆ ಇದೆ. ಎಲೆಯಾಟಗಳು ಬಹುಮಟ್ಟಿಗೆ ಹೊಡೆಯುವ ಆಟಗಳು, ದೊಡ್ಡದು ಸಣ್ಣದನ್ನು ಹೊಡೆಯುತ್ತದೆ. ನಮ್ಮ ದೇಶದ ಗಂಜೀಫಾ ಹಾಗೆಯೇ ಇತ್ತು. 1527ರಲ್ಲಿ ಸಿಂಧ್‌ಗೆ ಗಂಜೀಫಾ ಎಲೆಗಳನ್ನು ಕಳಿಸಿಕೊಟ್ಟದ್ದನ್ನು ಬಾಬರ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ದಶಾವತಾರದ ಗಂಜೀಫಾದಲ್ಲಿ 10 ರಂಗು, 120 ದುಂಡನೆಯ ಎಲೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಆಟಗಳನ್ನು ತಾವೇ ರೂಪಿಸಿದರು, ಅವುಗಳಲ್ಲಿ ಕೆಲವಕ್ಕೆ 300ಕ್ಕೂ ಮಿಕ್ಕಿ ಎಲೆಗಳು. ದೇವತೆಗಳು, ಗ್ರಹಗಳು, ಋಷಿಗಳು ಎಲ್ಲರೂ ಎಲೆಯ ಮೇಲೆ ಕುಳಿತರು. ಅಲ್ಲಿ ರಾಜ ಎಂದರೆ ರಾಜ, ಎದುರಿಗೆ ಯಾರೂ ನಿಲ್ಲುವಂತಿಲ್ಲ. ರಮ್ಮಿಯಲ್ಲಿ ಯಾರೂ ಯಾರನ್ನೂ ಹೊಡೆಯುವುದಿಲ್ಲ. ನೆರೆಹೊರೆ ಇಲ್ಲದ ರಾಜ ಇಲ್ಲಿ ಬರೀ 10 ಕೌಂಟಿನ ಹೊರೆ. 6 ಮತ್ತು 8ರ ನಡುವೆ ಬಂದು ಕುಳಿತ 7ಕ್ಕೆ ಇರುವ ಬೆಲೆ ಅವನಿಗಿಲ್ಲ. ಎಲೆಯ ಬೆಲೆ ಎಲೆಯಲ್ಲಿಲ್ಲ, ಅದರ ಅಕ್ಕಪಕ್ಕದಲ್ಲಿದೆ. ಇಷ್ಟು ಸಣ್ಣ ನಿಯಮ ಬದಲಾದದ್ದಕ್ಕೆ ಇಡೀ ಆಟದ ಲೋಕವೇ ತಿರುವುಮುರುವಾಯಿತಲ್ಲ ಎಂದು ನನಗೆ ಈಗಲೂ ಅಚ್ಚರಿ.

ನಿಯಮ ಎಲ್ಲರಿಗೂ ಗೊತ್ತಿರುವುದೇ. 13 ಎಲೆಯನ್ನೂ ಸಾಲಾಗಿಯೋ ಸೆಟ್ಟಾಗಿಯೋ ಜೋಡಿಸಬೇಕು. ಕನಿಷ್ಠ ಎರಡು ಸೀಕ್ವೆನ್ಸ್ ಬೇಕು, ಅದರಲ್ಲಿ ಒಂದಕ್ಕೆ ಜೋಕರಿನ ಸಹಾಯ ಇರಬಾರದು. ಆ ಒಂದು ಆಗದಿದ್ದರೆ ಉಳಿದದ್ದೆಲ್ಲ ಇದ್ದೂ ಇಲ್ಲದಂತೆ. ಮೂರು ಜೋಕರು ಕೈಯಲ್ಲಿಟ್ಟುಕೊಂಡು 80 ಕೌಂಟು ಬರೆಸಿಕೊಂಡವರನ್ನು ಎಲ್ಲ ಕೂಟಗಳೂ ಕಂಡಿವೆ. ಪುಕ್ಕಟೆ ಸಿಕ್ಕ ಬಲ ಎಷ್ಟಿದ್ದರೂ ಒಂದು ಕೆಲಸವನ್ನಾದರೂ ಸ್ವಂತದ ಎಲೆಗಳಲ್ಲೇ ಮಾಡಿ ಮುಗಿಸು ಎಂದು ಆಟ ಪಟ್ಟು ಹಿಡಿಯುತ್ತದೆ.

ಇನ್ನು ಕಾಯುವ ವಿದ್ಯೆ. ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕುವುದು ಒಳ್ಳೆಯದು. ಎರಡು ಕಟ್ಟು, ಎರಡು ಜೋಕರು ಸೇರಿ 106 ಎಲೆ. ನನ್ನ ಕೈಯಲ್ಲಿ 13, ಕಾಣದಿರುವವು 93. ಆಟೀನಿನ 7 ಮತ್ತು 9 ಹಿಡಿದು ಕುಳಿತರೆ ನನಗೆ ಬೇಕಾದದ್ದು ಆಟೀನಿನ 8 ಒಂದೇ, ಕಟ್ಟಿಗೊಂದರಂತೆ ಅವು 2. ಅದರ ಬದಲು 7 ಮತ್ತು 8 ಹಿಡಿದರೆ 6 ಬಂದರೂ ಆಯಿತು, 9 ಬಂದರೂ ಆಯಿತು, ಒಟ್ಟು 4 ಎಲೆ. ಆ 7, 8ರ ಜೊತೆಗೆ ಇಸ್ಪೀಟಿನ 8 ಒಂದನ್ನು ಇಟ್ಟುಕೊಂಡರೆ? ಆಟೀನಿನ 6 ಎರಡು, 9 ಎರಡು. ಜೊತೆಗೆ ಸೆಟ್ಟಿಗೆಂದು ಡೈಮನ್ 8 ಎರಡು, ಕಳಾವರ್ 8 ಎರಡು. ಒಟ್ಟು 8 ಎಲೆ ನನ್ನ ಕೆಲಸಕ್ಕೆ ಬರುತ್ತವೆ. ಮುಚ್ಚಿದ ಕಟ್ಟಿನಿಂದ 6 ಸಲ ಎಲೆ ಎತ್ತಿದೆ ಎನ್ನಿ. ಜೋಕರಿನ ಮಾತು ಬಿಟ್ಟರೆ, ಮೊದಲನೆಯ ಹಿಡಿತದಲ್ಲಿ ಬೇಕಾದ ಎಲೆ ಸಿಗುವ ಸಾಧ್ಯತೆ 100ಕ್ಕೆ ಸುಮಾರು 13. ಎರಡನೆಯದರಲ್ಲಿ 24. ಮೂರನೆಯದರಲ್ಲಿ 43.

ಕಟ್ಟು ಅದೇ, ಕಲಸಿದವನು ಅವನೇ, ಬರುವ ಎಲೆಯೂ ಅದೇ. ಒಬ್ಬನಿಗೆ ಅದು ಕಸ, ಇನ್ನೊಬ್ಬನಿಗೆ ಕಾದ ಗಳಿಗೆ. ಮೊದಲನೆಯವನು ‘ನನ್ನ ಹಣೆಬರಹವೇ ಇಷ್ಟು’ ಎನ್ನುತ್ತಾನೆ, ಮೂರನೆಯವನನ್ನು ನೋಡಿ ‘ಅವನ ಕೈಗುಣ ನೋಡು’ ಎನ್ನುತ್ತಾನೆ. ಹಣೆಬರಹ ಬರೆದವನು ಇಬ್ಬರಿಗೂ ಒಂದೇ ಶಾಯಿಯಲ್ಲಿ ಬರೆದಿದ್ದ. ಯಾವ ಯಾವ ಎಲೆ ಬಂದರೆ ನನಗೆ ನಡೆಯುತ್ತದೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡವರು ಇವರಿಬ್ಬರೇ. ಅದೃಷ್ಟ ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ನಾವು ಕಾಯಲು ಆರಿಸಿಕೊಂಡ ರೀತಿ ಎನ್ನುವುದು ಇಸ್ಪೀಟು ನನಗೆ ಕಲಿಸಿದ ಮೊದಲ ಬೆರಗು. ಆ ಮೂರನೆಯ ಹಿಡಿತದಲ್ಲೂ ನೂರಕ್ಕೆ 57 ಸಲ ಎಲೆ ಬರುವುದಿಲ್ಲ ಎಂಬುದು ಎರಡನೆಯದು. ಎಲ್ಲ ಸರಿಯಾಗಿ ಮಾಡಿಯೂ ಸೋಲುವುದು ಉಂಟು. ಸೋತದ್ದರಿಂದ ಮಾಡಿದ್ದು ತಪ್ಪಾಗುವುದಿಲ್ಲ. ಭಾಗ್ಯವಂತಿಗೆ ಹರಕೆ ಹೊತ್ತು ಹೋಗುವ ರೈತ ಊರಿಗೆ ಹೋಗಿ ಬಿತ್ತುವುದನ್ನು ಬಿಡುವುದಿಲ್ಲ. ಬಿತ್ತಿದ್ದೇನೆ, ಮಳೆ ಬಂದೇ ಬರುತ್ತದೆ ಎಂದು ಹಟ ಹಿಡಿಯುವುದೂ ಇಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಬದುಕುವುದು ಎಷ್ಟು ಕಷ್ಟದ ಕಲೆ ಎಂದು ಕೈಯಲ್ಲಿ ಎಲೆ ಹಿಡಿದಾಗ ಸ್ವಲ್ಪ ಅರ್ಥವಾಗುತ್ತದೆ.

ಎಲೆ ಬರುವುದು ಮುಚ್ಚಿದ ಕಟ್ಟಿನಿಂದ ಮಾತ್ರವಲ್ಲ, ನಮ್ಮ ಮೇಲೆ ಕುಳಿತವನು ಬಿಟ್ಟದ್ದೂ ನಮಗೆ ಬರುತ್ತದೆ. ನಾವು ಬಿಟ್ಟದ್ದು ನಮ್ಮ ಕೆಳಗೆ ಕುಳಿತವನಿಗೆ ಹೋಗುತ್ತದೆ. ಭೀಮಾ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನದಿ ಹುಟ್ಟುವುದು ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ, ತಡೆದು ನಿಲ್ಲಿಸುವುದು ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟಿನಲ್ಲಿ. ಮಳೆಗಾಲದಲ್ಲಿ ಘತ್ತರಗಿಯವರು ತಲೆಯ ಮೇಲಿನ ಮೋಡಕ್ಕಿಂತ ಹೆಚ್ಚಾಗಿ ‘ಉಜನಿಯಿಂದ ಎಷ್ಟು ಬಿಟ್ಟಾರ, ಸೊನ್ನ ಬ್ಯಾರೇಜಿಗೆ ಎಷ್ಟು ಬಂದದ’ ಎಂಬುದನ್ನು ಕೇಳುತ್ತಾರೆ. 2020ರ ಅಕ್ಟೋಬರಿನಲ್ಲೂ 2025ರ ಸೆಪ್ಟೆಂಬರಿನಲ್ಲೂ ಭೀಮೆ ದಂಡೆ ಮೀರಿ ಹೊಲಗಳನ್ನೂ ಊರುಗಳನ್ನೂ ನುಂಗಿದಳು. ಬೇಸಿಗೆಯಲ್ಲಿ ಅದೇ ಉಜನಿಯಿಂದ ಹನಿ ನೀರು ಬಿಡಲಿ ಎಂದು ಬೇಡಬೇಕು. ಮೇಲಿನವರು ಏನು ಹಿಡಿದುಕೊಂಡಿದ್ದಾರೆ, ಯಾವಾಗ ಬಿಡುತ್ತಾರೆ ಎಂದು ಓದಿಕೊಳ್ಳುವುದು ಇಲ್ಲಿ ಬದುಕಿನ ಪ್ರಶ್ನೆ. ಆಟದಲ್ಲಿ ಅದೇ ಓದು ಸೋಲು ಗೆಲುವಿನದು, ಅಷ್ಟೇ ವ್ಯತ್ಯಾಸ.

ಓದುವುದು ಹೇಗೆ? ಮೇಲಿನವನು ಮೊದಲ ಸುತ್ತುಗಳಲ್ಲೇ ರಾಣಿ, ಗುಲಾಮ ಬಿಟ್ಟರೆ ಅವನ ಕೈ ಸಣ್ಣ ಎಲೆಗಳ ಕಡೆ ಇದೆ. ತಡವಾಗಿ ಬಿಟ್ಟರೆ ಯಾವುದನ್ನೋ ಕಾದು ಕಾದು ಸುಸ್ತಾಗಿದ್ದಾನೆ. ಕೆಳಗಿನವನು ನಾನು ಬಿಟ್ಟ ಡೈಮನ್ 5 ಎತ್ತಿಕೊಂಡರೆ ಆಮೇಲೆ ಡೈಮನ್ 3, 4, 6, 7 ಬಿಡುವಾಗ ಕೈ ಹಿಂದೆಗೆಯಬೇಕು. ಬೇರೆ ರಂಗಿನ 5 ಬಿಡುವಾಗಲೂ ಎರಡು ಸಲ ಯೋಚಿಸಬೇಕು. ಗಾಳ ಹಾಕುವುದೂ ಉಂಟು. ನನಗೆ ಆಟೀನಿನ 9 ಬೇಕು, ಕೈಯಲ್ಲಿ ಕೆಲಸವಿಲ್ಲದ ಇಸ್ಪೀಟಿನ 9 ಇದೆ. ಅದನ್ನು ಬಿಟ್ಟರೆ, ‘ಇವನಿಗೆ 9 ಬೇಡ’ ಎಂದುಕೊಂಡು ಮೇಲಿನವನು ಆಟೀನಿನ 9 ಬಿಡಬಹುದು. ಬಿಡದೆಯೂ ಇರಬಹುದು, ಏಕೆಂದರೆ ಈ ಗಾಳ ಅವನಿಗೂ ಗೊತ್ತು. ಒಬ್ಬರ ಮುಖವನ್ನು ಒಬ್ಬರು ನೋಡದಂತೆ ನೋಡುತ್ತ, ಚಹಾ ಆರುತ್ತಿದ್ದರೂ ಮುಟ್ಟದೆ ಕುಳಿತ ಆ ಐದಾರು ಜನರ ನಡುವೆ ಎಷ್ಟು ಮಾತು ನಡೆಯುತ್ತಿರುತ್ತದೆ! ಒಂದೂ ಕಿವಿಗೆ ಕೇಳಿಸುವುದಿಲ್ಲ. ಎಲೆಯ ಬೆನ್ನು ಎಲ್ಲರಿಗೂ ಒಂದೇ ಥರ ಕಾಣುತ್ತದೆ, ಆದರೂ ಅರ್ಧ ಗಂಟೆಯಲ್ಲಿ ಎದುರಿನವನ ಕೈಯಲ್ಲಿ ಏನಿದೆ ಎಂಬುದು ಮುಕ್ಕಾಲು ಪಾಲು ತಿಳಿದುಬಿಡುತ್ತದೆ. ಮನುಷ್ಯರು ತಾವು ಬೇಡವೆಂದು ಬಿಟ್ಟದ್ದರಲ್ಲಿ ತಮಗೆ ಬೇಕಾದದ್ದನ್ನು ಹೇಳಿಕೊಂಡುಬಿಡುತ್ತಾರೆ.

ಮೂರನೆಯ ವಿದ್ಯೆ ಎದ್ದುಬಿಡುವುದು. ಕೈ ನೋಡಿ, ಜೋಕರಿಲ್ಲ, ಜೋಡಿಯಿಲ್ಲ, ಸಾಲಿನ ಸುಳಿವಿಲ್ಲ ಎಂದಾಗ ಮೊದಲ ಎಲೆ ಎತ್ತುವ ಮುಂಚೆಯೇ ಡ್ರಾಪ್ ಎಂದರೆ 20 ಕೌಂಟಿಗೆ ಮುಗಿಯಿತು. ಆಸೆಯಿಂದ ಎತ್ತಿ ಆಮೇಲೆ ಬಿಟ್ಟರೆ 40. ಕೊನೆತನಕ ಹಟಕ್ಕೆ ಬಿದ್ದರೆ 80. ಒಂದು ಹಟದ ಬೆಲೆ ನಾಲ್ಕು ವಿವೇಕ. 101 ಕೌಂಟು ಮುಟ್ಟಿದವನು ಹೊರಬೀಳುವ ಆಟದಲ್ಲಿ 5 ಸಲ ಡ್ರಾಪ್ ಮಾಡಿದವನಿಗೆ 100 ಆಗಿರುತ್ತದೆ, ಆದರೂ ಅವನು ಇನ್ನೂ ತಟ್ಟಿನ ಮೇಲೆಯೇ ಕುಳಿತಿರುತ್ತಾನೆ. ಆದರೆ ಡ್ರಾಪ್ ಎನ್ನಲು ನಾಲಗೆ ಏಳುವುದಿಲ್ಲ. ಮುಂದಿನ ಎಲೆಯೇ ಬಂದರೆ ಎಂಬ ಆಸೆ. ಹಿಂದೊಮ್ಮೆ ಹಾಗೆ ಬಂದದ್ದು ಜೀವಮಾನವಿಡೀ ನೆನಪಿರುತ್ತದೆ. ಬಾರದ ನೂರು ಸಲ ಆ ರಾತ್ರಿಯೇ ಮರೆತುಹೋಗಿರುತ್ತದೆ. ಬೆರಗು ಮನುಷ್ಯನಿಗೆ ಬೇಕು, ನಿಜ. ಆದರೆ ಬೆರಗಿಗೆ ಲೆಕ್ಕ ಬರುವುದಿಲ್ಲ. ಲೆಕ್ಕವನ್ನು ಬೇರೆಯಾಗಿ ನಾವೇ ಇಟ್ಟುಕೊಳ್ಳಬೇಕು.

ರಮ್ಮಿ ಚತುರತೆಯೋ ಅದೃಷ್ಟವೋ ಎಂಬ ಜಗಳ ಕಟ್ಟೆಯಿಂದ ಸುಪ್ರೀಂ ಕೋರ್ಟಿನತನಕ ಹೋಗಿದೆ. ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣದಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಅವರು 1967ರ ನವೆಂಬರಿನಲ್ಲಿ ಕೊಟ್ಟ ತೀರ್ಪು ಈಗಲೂ ಎಲ್ಲರ ಬಾಯಲ್ಲಿದೆ. ಮೂರೆಲೆಯ ಆಟ ಬರೀ ಅದೃಷ್ಟದ್ದು. ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕು ಎಂಬ ಜಾಣ್ಮೆ ಬೇಕು, ಹಾಗಾಗಿ ಇದು ಮುಖ್ಯವಾಗಿ ಚತುರತೆಯ ಆಟ ಎಂದು ಅವರು ಹೇಳಿದರು. ಜನ ಅಷ್ಟನ್ನು ಮಾತ್ರ ನೆನಪಿಟ್ಟುಕೊಂಡರು. ಪಣದ ಆಟದಿಂದ ಮನೆಯವನೋ ಕ್ಲಬ್ಬಿನವನೋ ಲಾಭ ಮಾಡಿಕೊಳ್ಳುತ್ತಿದ್ದರೆ ಅದು ಅಪರಾಧವಾದೀತು ಎಂದು ಅದೇ ತೀರ್ಪು ಹೇಳಿದ್ದನ್ನು ಮರೆತರು.

ಆಮೇಲೆ ಬೇವಿನ ಮರದ ಆಟ ಮೊಬೈಲಿಗೆ ಹೋಯಿತು. ಅಲ್ಲಿ ಎದುರಿನವನ ಮುಖವಿಲ್ಲ, ಆರುವ ಚಹಾ ಇಲ್ಲ, ‘ಸಾಕು ಏಳೋ, ದನಕ್ಕ ನೀರ ಕುಡಸಬೇಕು’ ಎನ್ನುವವರಿಲ್ಲ. ಕಲಸುವವನು ಯಾರೆಂದು ಕಾಣದು. ನಡುರಾತ್ರಿ ಎರಡು ಗಂಟೆಗೂ ಎಲೆ ಹಾಕಲು ಅದು ತಯಾರು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು, ಚತುರತೆಯ ಆಟವೋ ಅದೃಷ್ಟದ ಆಟವೋ ಎಂಬ ಭೇದವನ್ನೂ ಅದು ಇಟ್ಟುಕೊಳ್ಳಲಿಲ್ಲ. ಕಾಯ್ದೆಯ ವಾದ ವಿವಾದ ವಕೀಲರಿಗಿರಲಿ. ನನಗೆ ಕಾಣುವುದು ಇಷ್ಟು: ಹಣ ಬಂದ ಗಳಿಗೆಗೆ ಬೆರಗು ಎದ್ದು ಹೋಗುತ್ತದೆ. 63,501 ಕೋಟಿಯಲ್ಲಿ ಒಂದಾಗಿ ನನ್ನ ಕೈಗೆ ಬಂದ 13 ಎಲೆಗಳನ್ನು ಆಗ ನಾನು ನೋಡುವುದೇ ಇಲ್ಲ, ಅವುಗಳ ಹಿಂದಿರುವ ನೋಟನ್ನು ನೋಡುತ್ತಿರುತ್ತೇನೆ. ಕಾಯುವುದು ಕಲೆಯಾಗಿ ಉಳಿಯದೆ ಚಟವಾಗುತ್ತದೆ. ಎದ್ದುಬಿಡುವ ವಿದ್ಯೆಯಂತೂ ಮೊದಲು ಮರೆತುಹೋಗುತ್ತದೆ.

ಆದ್ದರಿಂದ ಎಲೆ ಆಡುವವರಲ್ಲಿ ನನ್ನದೊಂದು ಬಿನ್ನಹ. ಮುಖ ಕಾಣುವ ಜನರ ಜೊತೆ ಆಡಿ, ಹಗಲಲ್ಲಿ ಆಡಿ, ಹಣ ಇಡಬೇಡಿ. ಸೋತವನು ಚಹಾ ಹೇಳಲಿ, ಸಾಕು. ಮೊದಲು ಜೋಕರಿಲ್ಲದ ಸಾಲು ಕಟ್ಟಿಕೊಳ್ಳಿ, ಎರಡು ಕಡೆಯಿಂದ ಎಲೆ ಬರುವಂತೆ ಕಾಯಿರಿ, ಕೈ ಕೆಟ್ಟಿದ್ದರೆ 20 ಬರೆಸಿ ಎದ್ದುಬಿಡಿ. ಪಕ್ಕದಲ್ಲಿ ಹುಡುಗರು ಕುಳಿತಿದ್ದರೆ ಬೈದು ಓಡಿಸಬೇಡಿ, ಈ ಲೆಕ್ಕವನ್ನು ಅವರಿಗೂ ಹೇಳಿಕೊಡಿ. ಲೆಕ್ಕ ಬಲ್ಲ ಹುಡುಗ ಜೂಜಿಗೆ ಸುಲಭವಾಗಿ ಬೀಳುವುದಿಲ್ಲ.